ಬಾಡಿಗೆ ಮನೆಗೂ ಒಂದು ಖಾತೆ ತೆರೆಯಿರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಮಾತನ್ನು ಅದಕ್ಕೆ ಸೇರಿಸಲಿಲ್ಲ. ಬಹುಶಃ ಅವರ ಕಾಲಕ್ಕೆ ಅದರ ಅಗತ್ಯ ಬಿದ್ದಿರಲಿಕ್ಕಿಲ್ಲ. ಇಂದು ನಮ್ಮ ವ್ಯಾಪಾರಿ ಹಾಗೂ ಸಣ್ಣ ಉದ್ದಿಮೆದಾರ ಬಂಧುಗಳಲ್ಲಿ ಅನೇಕರು ದುಡಿದು ಉಳಿಸಿದ ಹಣವನ್ನು ಒಂದು ಮನೆ, ಒಂದು ಮಳಿಗೆ ಅಥವಾ ಒಂದು ಶೆಡ್ಡಿನಲ್ಲಿ ತೊಡಗಿಸಿದ್ದಾರೆ. ವ್ಯಾಪಾರ ಕುಂಟುವ ವರ್ಷಗಳಲ್ಲಿಯೂ ಮುಪ್ಪಿನ ದಿನಗಳಲ್ಲಿಯೂ ಆ ಬಾಡಿಗೆಯೇ ಸಂಸಾರಕ್ಕೆ ಆಧಾರವಾಗುತ್ತದೆ.

ಹುಬ್ಬಳ್ಳಿಯಲ್ಲಿ ಲೆಕ್ಕ ಪರಿಶೋಧಕನಾಗಿ ಕೆಲಸ ಮಾಡುತ್ತಿರುವ ಈ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಸಂಗತಿಯೊಂದಿದೆ. ಅಂಗಡಿಯ ಕಿರ್ದಿಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಹನ್ನೊಂದರವರೆಗೆ ಕುಳಿತು ಹುಡುಕುವವರು, ನಲವತ್ತು ಲಕ್ಷ ರೂಪಾಯಿ ಬೆಲೆಬಾಳುವ ಮನೆಯ ಬಾಡಿಗೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ವರ್ಷ ಮುಗಿದ ಮೇಲೆ ಕ್ಯಾಲೆಂಡರು ರದ್ದಿಗೆ ಹೋಗುತ್ತದೆ. ಅದರೊಡನೆ ಲೆಕ್ಕವೂ ಹೋಗುತ್ತದೆ. ಬಾಡಿಗೆ ಆಸ್ತಿಯೂ ಒಂದು ವ್ಯವಹಾರವೇ. ಅದಕ್ಕೂ ಜಮಾ-ಖರ್ಚು ಉಂಟು, ಸವಕಳಿ ಉಂಟು, ಗಿರಾಕಿಯೂ ಉಂಟು. ಇದನ್ನು ಒಪ್ಪಿಕೊಂಡು ನಡೆದರೆ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ತಾನಾಗಿಯೇ ಕಡಿಮೆಯಾಗುತ್ತವೆ.

ನಿಜವಾದ ಆದಾಯ ಎಷ್ಟು?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮನೆಯ ಬೆಲೆ 40 ಲಕ್ಷ ರೂ., ತಿಂಗಳ ಬಾಡಿಗೆ 12,000 ರೂ. ವರ್ಷಕ್ಕೆ 1,44,000 ರೂ. ಎಂದು ಮಾಲೀಕರು ಲೆಕ್ಕ ಹಾಕುತ್ತಾರೆ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಕೈಗೆ ಬರುವುದು 1,32,000 ರೂ. ಆಸ್ತಿ ತೆರಿಗೆ 6,000 ರೂ., ದುರಸ್ತಿ ಹಾಗೂ ಸುಣ್ಣ-ಬಣ್ಣಕ್ಕೆ ಸರಾಸರಿ 14,000 ರೂ. ಕಳೆದರೆ ಉಳಿಯುವುದು 1,12,000 ರೂ. ಹೂಡಿದ ಹಣದ ಮೇಲೆ ಇದು ಕೇವಲ ಶೇ. 2.8. ಆಸ್ತಿಯ ಬೆಲೆ ಏರುತ್ತದೆಯೆಂಬ ಭರವಸೆ ಬೇರೆ ಮಾತು. ಕೈಗೆ ಬರುವ ಆದಾಯ ಇಷ್ಟೇ.

ಆದಾಯ ಇಷ್ಟು ತೆಳುವಾಗಿರುವಾಗ ಖಾಲಿ ಬೀಳುವ ತಿಂಗಳೇ ಎಲ್ಲಕ್ಕಿಂತ ದೊಡ್ಡ ಖರ್ಚು. ಮೇಲಿನ ಮನೆಯ ಬಾಡಿಗೆಯನ್ನು ಮಾಲೀಕರು ಒಮ್ಮೆಲೇ ಸಾವಿರ ರೂ. ಏರಿಸಲು ಹಟ ಹಿಡಿದು, ಒಳ್ಳೆಯ ಬಾಡಿಗೆದಾರರು ಬಿಟ್ಟುಹೋದರೆಂದು ಭಾವಿಸೋಣ. ಎರಡು ತಿಂಗಳು ಮನೆ ಖಾಲಿ: ನಷ್ಟ 24,000 ರೂ. ಹೊಸಬರಿಗಾಗಿ ಬಣ್ಣ ಹಾಗೂ ಚಿಲ್ಲರೆ ದುರಸ್ತಿ: 15,000 ರೂ. ಒಟ್ಟು 39,000 ರೂ. ಹೊಸ ಬಾಡಿಗೆದಾರರು ಕೊಡುವ ಹೆಚ್ಚುವರಿ ಸಾವಿರ ರೂಪಾಯಿಯಿಂದ ಈ ನಷ್ಟ ತುಂಬಲು 39 ತಿಂಗಳು, ಅಂದರೆ ಮೂರೂಕಾಲು ವರ್ಷ ಬೇಕು. ಕಾಲಕ್ಕೆ ಸರಿಯಾಗಿ ಬಾಡಿಗೆ ಕೊಟ್ಟು, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವವರನ್ನು ನೂರಿನ್ನೂರರ ಚೌಕಾಶಿಗಾಗಿ ಕಳೆದುಕೊಳ್ಳುವುದು ಜಾಣತನವಲ್ಲ. ಪ್ರತಿವರ್ಷ ಎಷ್ಟು ಏರಿಕೆ ಎಂಬುದನ್ನು ಮೊದಲೇ ಕರಾರಿನಲ್ಲಿ ಬರೆದಿಟ್ಟರೆ ಈ ಹಗ್ಗಜಗ್ಗಾಟಕ್ಕೆ ಅವಕಾಶವೇ ಇರದು.

ಠೇವಣಿ ನಮ್ಮ ಹಣವಲ್ಲ

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಾದ ವ್ಯಾಪಾರಿಯೊಬ್ಬರು ತಮ್ಮ ಮಳಿಗೆಯನ್ನು ಹಳೆಯ ಸ್ನೇಹಿತರೊಬ್ಬರಿಗೆ ಬಾಡಿಗೆಗೆ ಕೊಟ್ಟು ಮೂರು ಲಕ್ಷ ರೂ. ಠೇವಣಿ ಪಡೆದರು. ದೀಪಾವಳಿ ಹತ್ತಿರವಿತ್ತು, ಹಣ ನೇರವಾಗಿ ಸರಕು ಖರೀದಿಗೆ ಹೋಯಿತು. ಎರಡು ವರ್ಷಗಳ ನಂತರ ಬಾಡಿಗೆದಾರರ ಮನೆಯಲ್ಲಿ ಕಾಯಿಲೆ ಬಂದು ಅವರು ಮಳಿಗೆ ತೆರವು ಮಾಡಿದಾಗ, ಮಾಲೀಕರ ಬಳಿ ಹಣವಿರಲಿಲ್ಲ. ‘ಮುಂದಿನ ತಿಂಗಳು’ ಎಂಬ ಮಾತು ಏಳು ತಿಂಗಳು ನಡೆಯಿತು. ಆಸ್ಪತ್ರೆಯ ಬಿಲ್ಲಿಗೆ ಆ ಮನುಷ್ಯರು ಬಡ್ಡಿಗೆ ಸಾಲ ಮಾಡಬೇಕಾಯಿತು. ಕೊನೆಗೆ ಹಣ ಪೂರ್ತಿ ಸಂದಾಯವಾದರೂ ಇಬ್ಬರೂ ಮತ್ತೆ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಮಾಲೀಕರು ಅಪ್ರಾಮಾಣಿಕರೇನೂ ಆಗಿರಲಿಲ್ಲ. ಹಿಂದಿರುಗಿಸಬೇಕಾದ ಹಣವನ್ನು ದುಡಿಮೆಯ ಬಂಡವಾಳವೆಂದು ತಿಳಿದದ್ದೇ ಅವರ ತಪ್ಪು.

ಲೆಕ್ಕಶಾಸ್ತ್ರದಲ್ಲಿ ಠೇವಣಿಯ ಸ್ಥಾನ ಹೊಣೆಯ ಬದಿಯಲ್ಲಿ, ಆದಾಯದ ಬದಿಯಲ್ಲಲ್ಲ. ಆದುದರಿಂದ ಅದನ್ನು ಬ್ಯಾಂಕಿನಲ್ಲಿ ಪ್ರತ್ಯೇಕ ನಿಶ್ಚಿತ ಠೇವಣಿಯಾಗಿ ಇಡುವುದು ಲೇಸು. ಠೇವಣಿಯನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ. ಠೇವಣಿ ಎಷ್ಟಿರಬೇಕೆಂಬುದಕ್ಕೆ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳು, ವಾಸೇತರ ಕಟ್ಟಡಕ್ಕೆ ಆರು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಿದೆ. ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಅದು ಜಾರಿಯಾಗುವುದಾದರೂ, ಎಷ್ಟು ಕೇಳುವುದು ನ್ಯಾಯ ಎಂಬುದಕ್ಕೆ ಅದೊಂದು ಅಳತೆಗೋಲು.

ದುರಸ್ತಿ ಮುಂದೂಡಿದರೆ ಖರ್ಚು ಬೆಳೆಯುತ್ತದೆ

ಈ ವಿಷಯದಲ್ಲಿ ನಾನೇ ಪಾಠ ಕಲಿತವನು. ನಮ್ಮ ತಂದೆಯವರು ಕಟ್ಟಿಸಿದ ಮನೆಯಲ್ಲಿ ಶಾಲಾ ಶಿಕ್ಷಕರೊಬ್ಬರ ಕುಟುಂಬ ಬಾಡಿಗೆಗೆ ಇತ್ತು. ತಾರಸಿಯಲ್ಲಿ ನೀರು ನಿಲ್ಲುತ್ತಿದೆ, ಅಡುಗೆಮನೆಯ ಮೂಲೆ ಒದ್ದೆಯಾಗಿದೆ ಎಂದು ಅವರು ಎರಡು ಮಳೆಗಾಲ ಹೇಳಿದರು. ‘ನೋಡೋಣ’ ಎಂದು ನಾನು ಮುಂದೂಡಿದೆ. ಮೂರನೆಯ ಮಳೆಗಾಲದ ಒಂದು ರಾತ್ರಿ ಒಲೆಯ ಮೇಲಿನ ಛಾವಣಿಯ ಗಾರೆ ಕಳಚಿ ಬಿತ್ತು. ದೇವರ ದಯೆ, ಆಗ ಅಲ್ಲಿ ಯಾರೂ ಇರಲಿಲ್ಲ. ಶಿಕ್ಷಕರು ಒಂದು ಕಟುಮಾತನ್ನೂ ಆಡದೆ ಆ ತಿಂಗಳೇ ಮನೆ ಬಿಟ್ಟರು. ನೀರು ಹೋಗುವ ಕೊಳವೆಯನ್ನು ಸರಿಪಡಿಸಿ, ಬಿರುಕು ಮುಚ್ಚಿಸಿದ್ದರೆ ಕೆಲವೇ ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ, ಛಾವಣಿಯ ಕಬ್ಬಿಣ ತುಕ್ಕು ಹಿಡಿದಿದ್ದರಿಂದ ಅದರ ಹತ್ತು ಪಟ್ಟು ತೆರಬೇಕಾಯಿತು.

ಸಣ್ಣ ಮಾಲೀಕರು ಕೆಳಗಿನ ಕ್ರಮವನ್ನು ಇಟ್ಟುಕೊಂಡರೆ ಸಾಕು:

1. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗೆ ಮುನ್ನ, ತಾರಸಿ ಹತ್ತಿ ನೋಡಿ. ಕಸ ತೆಗೆಸಿ, ನೀರಿನ ಇಳಿಜಾರು ಹಾಗೂ ಬಿರುಕುಗಳನ್ನು ಪರೀಕ್ಷಿಸಿ.

2. ಸಂಪು ಮತ್ತು ಮೇಲಿನ ತೊಟ್ಟಿಯನ್ನು ನಿಯಮಿತವಾಗಿ ಸ್ವಚ್ಛಗೊಳಿಸಿ. ಸೋರುವ ನಲ್ಲಿಗಳನ್ನು ಕೂಡಲೇ ಬದಲಿಸಿ.

3. ಹಳೆಯ ಫ್ಯೂಸ್ ಹಲಗೆಯ ಜಾಗದಲ್ಲಿ ಎಂ.ಸಿ.ಬಿ. ಹಾಗೂ ವಿದ್ಯುತ್ ಸೋರಿಕೆ ತಡೆಯುವ ಸಾಧನ ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿ. ಇದು ಪ್ರಾಣದ ಪ್ರಶ್ನೆ, ಚೌಕಾಶಿಗೆ ಜಾಗವಲ್ಲ.

4. ಸುಧಾರಣೆಗೆ ಹಣವಿದ್ದರೆ ಹೊರಗೋಡೆಯ ಅಲಂಕಾರಕ್ಕಿಂತ ಮೊದಲು ಸ್ನಾನಗೃಹ, ಅಡುಗೆಮನೆ, ನೀರು ಹಾಗೂ ಗಾಳಿ-ಬೆಳಕಿಗೆ ಗಮನ ಕೊಡಿ. ಮನೆ ನೋಡಲು ಬರುವ ಗೃಹಿಣಿ ಮೊದಲು ನೋಡುವುದು ಇವನ್ನೇ.

5. ಪ್ರತಿ ತಿಂಗಳ ಬಾಡಿಗೆಯಲ್ಲಿ ಹತ್ತರಲ್ಲೊಂದು ಭಾಗವನ್ನು ದುರಸ್ತಿ ನಿಧಿಯಾಗಿ ತೆಗೆದಿಡಿ.

ಮನೆಯ ವಿದ್ಯುತ್ ಸಂಪರ್ಕದಲ್ಲಿ ಅಂಗಡಿ ನಡೆಸಲು ಅವಕಾಶ ಕೊಡಬೇಡಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಅದು ಅನಧಿಕೃತ ಬಳಕೆ. ಎರಡು ಪಟ್ಟು ದರದಲ್ಲಿ ವಸೂಲಿಯಾಗುತ್ತದೆ. ಬಾಡಿಗೆದಾರರು 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ನಿಮ್ಮ ಆರ್.ಆರ್. ಸಂಖ್ಯೆಯನ್ನು ಜೋಡಿಸಿದ್ದರೆ, ಮನೆ ಬಿಡುವಾಗ ಆ ಜೋಡಣೆಯನ್ನು ರದ್ದು ಮಾಡಿಸಿಕೊಳ್ಳಿ. ಮಳಿಗೆ ಹಾಗೂ ಶೆಡ್ಡುಗಳಲ್ಲಿ ಕಟ್ಟಡದ ಬೆಂಕಿ ವಿಮೆ ಮಾಲೀಕರದು, ಸರಕಿನ ವಿಮೆ ಬಾಡಿಗೆದಾರರದು ಎಂದು ಬರಹದಲ್ಲಿಯೇ ಸ್ಪಷ್ಟಪಡಿಸಿಕೊಳ್ಳಿ.

ಕರಾರು ಪತ್ರವೇ ಕಾಯ್ದೆ

2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999ರ ವ್ಯಾಪ್ತಿ ಬಹಳ ಕಿರಿದು. ವಾಣಿಜ್ಯ ಬಳಕೆಯಲ್ಲಿ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳಿಗೆ ಮಾತ್ರ ಅದರ ರಕ್ಷಣೆ. ವಾಸದ ಮನೆಗಳಲ್ಲಿ ಮಾಸಿಕ ಬಾಡಿಗೆ ಊರಿಗನುಸಾರವಾಗಿ 3,500 ಅಥವಾ 2,000 ರೂ. ಮೀರಿದರೆ ಅದು ಅನ್ವಯಿಸದು. ಉಳಿದವುಗಳಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹಾಗೂ ನೀವು ಬರೆದುಕೊಂಡ ಕರಾರೇ ಗತಿ. ಕರಾರಿಲ್ಲದಿದ್ದರೆ ಸಾಮಾನ್ಯ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟೀಸು ಸಾಕು. ಆದರೆ ತಯಾರಿಕೆಯ ಉದ್ದೇಶಕ್ಕೆ ಕೊಟ್ಟ ಕಟ್ಟಡಕ್ಕೆ ಆರು ತಿಂಗಳ ನೋಟೀಸು ಬೇಕು. ಶೆಡ್ಡು ಬಾಡಿಗೆಗೆ ಕೊಡುವವರೂ ಪಡೆಯುವವರೂ ಈ ವ್ಯತ್ಯಾಸವನ್ನು ನೆನಪಿಡಬೇಕು. ಕೈಗಾರಿಕಾ ವಸಾಹತಿನ ನಿವೇಶನವಾದರೆ ಹಂಚಿಕೆ ಪತ್ರದ ಷರತ್ತುಗಳನ್ನು ಓದದೆ ಬಾಡಿಗೆಗೆ ಕೊಡಕೂಡದು.

ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರಿನ ರೂಢಿ ಬಂದಿರುವುದು ಇದರಿಂದಲೇ. ಆದರೆ ಅನೇಕರು ಹನ್ನೊಂದು ತಿಂಗಳಾದ ಮೇಲೆ ನವೀಕರಿಸುವುದನ್ನು ಮರೆಯುತ್ತಾರೆ. ಕರಾರಿನೊಡನೆ ಫ್ಯಾನು, ದೀಪ, ನಲ್ಲಿ, ಬೀಗದ ಕೈಗಳ ಪಟ್ಟಿಯನ್ನೂ, ಪ್ರತಿ ಕೋಣೆಯ ಛಾಯಾಚಿತ್ರವನ್ನೂ ಇಟ್ಟುಕೊಂಡರೆ ಬಿಡುವ ದಿನ ಜಗಳವಿರದು.

ತೆರಿಗೆಯ ಎರಡು ಮಾತು

ಆದಾಯ ತೆರಿಗೆಯಲ್ಲಿ, ಮಾಲೀಕರು ಆ ವರ್ಷ ವಾಸ್ತವವಾಗಿ ಪಾವತಿಸಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದುದರ ಮೇಲೆ ಶೇ. 30ರ ಕಡಿತ ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ 1,32,000 ರೂ.ಗಳಲ್ಲಿ 6,000 ರೂ. ಕಳೆದರೆ 1,26,000 ರೂ.; ಅದರ ಶೇ. 30 ಎಂದರೆ 37,800 ರೂ.; ತೆರಿಗೆಗೆ ಒಳಪಡುವುದು 88,200 ರೂ. ಹೊಸ ತೆರಿಗೆ ಪದ್ಧತಿಯಲ್ಲಿಯೂ ಈ ಕಡಿತ ಉಂಟು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯೇ ಹೊರತು ಈ ನಿಯಮವಲ್ಲ. ದುರಸ್ತಿಗೆ ನೀವು ಐದು ಸಾವಿರ ಖರ್ಚು ಮಾಡಿದರೂ ಐವತ್ತು ಸಾವಿರ ಮಾಡಿದರೂ ಕಡಿತ ಅಷ್ಟೇ. ಹಾಗೆಂದು ಬಿಲ್ಲುಗಳನ್ನು ಎಸೆಯಬೇಡಿ. ಹೊಸ ಕೋಣೆ, ಹೊಸ ಛಾವಣಿಯಂತಹ ಶಾಶ್ವತ ಸುಧಾರಣೆಯ ವೆಚ್ಚವನ್ನು ಮುಂದೆ ಆಸ್ತಿ ಮಾರುವಾಗ ಬಂಡವಾಳ ಲಾಭದ ಲೆಕ್ಕದಲ್ಲಿ ಕಳೆಯಬಹುದು. ಬಿಲ್ಲಿಲ್ಲದವರಿಗೆ ಆ ಲಾಭ ಸಿಗದು.

ಜಿ.ಎಸ್.ಟಿ.ಯಲ್ಲಿ ವ್ಯಾಪಾರಿಗಳು ಹೆಚ್ಚು ಎಡವುತ್ತಾರೆ. ಸೇವೆಗೆ 20 ಲಕ್ಷ ರೂ.ಗಳ ಮಿತಿಯಿದೆ, ನನ್ನ ಮಳಿಗೆಯ ಬಾಡಿಗೆ ವರ್ಷಕ್ಕೆ ಎರಡು ಲಕ್ಷ ಮಾತ್ರ ಎಂದು ಅವರು ಸುಮ್ಮನಿರುತ್ತಾರೆ. ಆದರೆ ತಮ್ಮ ಅಂಗಡಿಯ ವ್ಯಾಪಾರಕ್ಕಾಗಿ ಈಗಾಗಲೇ ಸಾಮಾನ್ಯ ನೋಂದಣಿ ಪಡೆದವರು, ಅದೇ ಹೆಸರಿನಲ್ಲಿರುವ ಮಳಿಗೆಯ ಬಾಡಿಗೆಗೂ ಶೇ. 18 ತೆರಿಗೆ ವಿಧಿಸಲೇಬೇಕು. ಸರಕು ಮಾತ್ರ ಮಾರುವವರಿಗೆ ಇರುವ 40 ಲಕ್ಷ ರೂ.ಗಳ ಮಿತಿಯೂ ಮಳಿಗೆಯ ಬಾಡಿಗೆ ಬರತೊಡಗಿದರೆ 20 ಲಕ್ಷಕ್ಕೆ ಇಳಿಯುತ್ತದೆ. ಮಾಲೀಕರು ನೋಂದಾಯಿತರಲ್ಲದೆ ಬಾಡಿಗೆದಾರರು ನೋಂದಾಯಿತರಾಗಿದ್ದರೆ, 2024ರ ಅಕ್ಟೋಬರ್ 10ರಿಂದ ವಾಣಿಜ್ಯ ಕಟ್ಟಡದ ಬಾಡಿಗೆಯ ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕು; ರಾಜಿ ತೆರಿಗೆ ಪದ್ಧತಿಯಲ್ಲಿರುವ ಬಾಡಿಗೆದಾರರಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ದೊರೆತಿದೆ. ಕರಾರು ಬರೆಯುವಾಗಲೇ ‘ಬಾಡಿಗೆ ಇಷ್ಟು, ತೆರಿಗೆ ಪ್ರತ್ಯೇಕ’ ಎಂದು ಸೇರಿಸಿರಿ.

ಒಂದು ಪುಸ್ತಕ ಸಾಕು

ಇಷ್ಟೆಲ್ಲಕ್ಕೂ ಬೇಕಾದುದು ಒಂದು ನೋಟು ಪುಸ್ತಕ, ಒಂದು ಪ್ರತ್ಯೇಕ ಬ್ಯಾಂಕ್ ಖಾತೆ, ಒಂದು ಕಡತ. ಪುಸ್ತಕದಲ್ಲಿ ಜಮಾ-ಖರ್ಚು, ಖಾತೆಯಲ್ಲಿ ಬಾಡಿಗೆ ಹಾಗೂ ಠೇವಣಿ, ಕಡತದಲ್ಲಿ ಕರಾರು, ತೆರಿಗೆ ರಸೀದಿ, ದುರಸ್ತಿಯ ಬಿಲ್ಲುಗಳು. ನಮ್ಮ ನಂತರ ಮಕ್ಕಳು ಆ ಕಡತವನ್ನು ತೆರೆದರೆ ಯಾರಿಗೆ ಎಷ್ಟು ಠೇವಣಿ ಹಿಂದಿರುಗಿಸಬೇಕು, ಯಾವ ವರ್ಷ ತಾರಸಿ ದುರಸ್ತಿಯಾಯಿತು ಎಂಬುದು ಯಾರನ್ನೂ ಕೇಳದೆ ತಿಳಿಯಬೇಕು.

ಆ ಶಿಕ್ಷಕರು ಬಿಟ್ಟ ಮನೆಯನ್ನು ದುರಸ್ತಿ ಮಾಡಿಸಿ ಬೇರೆಯವರಿಗೆ ಕೊಟ್ಟು ವರ್ಷಗಳಾದವು. ಈಗ ಪ್ರತಿವರ್ಷ ಮೇ ತಿಂಗಳ ಮೊದಲ ಭಾನುವಾರ ನಾನೇ ತಾರಸಿ ಹತ್ತುತ್ತೇನೆ. ಸದಸ್ಯ ಬಂಧುಗಳೂ ಈ ಮಳೆಗಾಲಕ್ಕೆ ಮುನ್ನ ಒಮ್ಮೆ ತಮ್ಮ ತಮ್ಮ ತಾರಸಿ ಹತ್ತಿ ಬರಲಿ; ಇಳಿದು ಬಂದ ಮೇಲೆ ಆ ಪುಸ್ತಕದ ಮೊದಲ ಪುಟವನ್ನು ಬರೆಯಲಿ.