ಸೇರಿ ಬಿಡಿಸುವ ಪದಬಂಧ: ಫೋನಿನಲ್ಲೊಂದು ಬಳಗ ಕಟ್ಟುವ ಬಗೆ

ವಾರಪತ್ರಿಕೆಯ ಪದಬಂಧ ತುಂಬಲು ಕೂತವರಿಗೆ ಕೊನೆಯಲ್ಲಿ ಎರಡೋ ಮೂರೋ ಪದ ಉಳಿದುಬಿಡುತ್ತವೆ. ಪುರಾಣ ಬಲ್ಲವರಿಗೆ ಕ್ರಿಕೆಟ್ಟಿನ ಪದ ಸಿಗುವುದಿಲ್ಲ, ಕ್ರಿಕೆಟ್ ಬಲ್ಲವರಿಗೆ ಒಕ್ಕಲುತನದ ಪದ ಗೊತ್ತಿರುವುದಿಲ್ಲ. ಆ ಖಾಲಿ ಮನೆಗಳಿಗೆ ಬೇಕಾದದ್ದು ಇನ್ನೊಬ್ಬರ ಅನುಭವ. ಹರಿಹರದ ಮಗ್ಗುಲಿನ ಗುತ್ತೂರಿನಲ್ಲಿರುವ ತಾಯಿ, ದಾವಣಗೆರೆಯ ಹಾಸ್ಟೆಲಿನಲ್ಲಿರುವ ಮಗಳು, ಪುಣೆಯಲ್ಲಿ ಕೆಲಸದಲ್ಲಿರುವ ಸೋದರಮಾವ ಈಗ ಒಂದೇ ಪದಬಂಧವನ್ನು ಒಂದೇ ಸಂಜೆ ತುಂಬಬಹುದು. ಅದಕ್ಕೆ ಒಂದು ಫೋನು, ಒಂದು ಹಾಳೆ, ನಾಲ್ಕಾರು ನಿಯಮ ಇದ್ದರೆ ಸಾಕು. ಆ ಕ್ರಮವನ್ನು ಇಲ್ಲಿ ವಿವರಿಸಿದೆ.

ಕನ್ನಡದ ಚೌಕಟ್ಟು ಹೇಗೆ ಬೇರೆ

ಇಂದಿನ ಪದಬಂಧದ ಮೂಲರೂಪ ಮೊದಲು ಅಚ್ಚಾದದ್ದು ೧೯೧೩ರ ಡಿಸೆಂಬರ್ ೨೧ರಂದು, 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ. ರಚಿಸಿದವರು ಆರ್ಥರ್ ವಿನ್. ಅಲ್ಲಿ ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರ, ಒಟ್ಟು ಇಪ್ಪತ್ತಾರೇ ಆಯ್ಕೆ. ಕನ್ನಡದಲ್ಲಿ ಒಂದು ಮನೆಗೆ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಕೂಡಿದ ಇಡೀ ಅಕ್ಷರ ಬರುತ್ತದೆ. 'ಹರಿಹರ'ಕ್ಕೆ ನಾಲ್ಕು ಮನೆ, 'ದಾವಣಗೆರೆ'ಗೆ ಐದು, 'ಗುತ್ತೂರು' ಪದಕ್ಕೆ ಗು, ತ್ತೂ, ರು ಎಂದು ಮೂರು.

ಒಂದು ವ್ಯಂಜನಕ್ಕೆ ಕಾಗುಣಿತದಲ್ಲೇ ಹದಿನೈದು ರೂಪಗಳಿವೆ. ಒತ್ತಕ್ಷರ ಸೇರಿದರೆ ಸಂಖ್ಯೆ ಇನ್ನೂ ಬೆಳೆಯುತ್ತದೆ. ಎರಡು ಪದಗಳು ಸಂಧಿಸುವ ಮನೆಯಲ್ಲಿ 'ಕ' ಇದ್ದರೆ 'ಕಾ' ಒಪ್ಪುವುದಿಲ್ಲ, 'ಕಿ'ಯೂ ಒಪ್ಪುವುದಿಲ್ಲ. ಹಾಗಾಗಿ ಕನ್ನಡದ ಪದಬಂಧ ರಚಿಸುವುದು ಕಷ್ಟದ ಕೆಲಸ. ಕೋಲಾರ ಜಿಲ್ಲೆಯವರಾದ ಅ.ನಾ. ಪ್ರಹ್ಲಾದರಾವ್ ಹತ್ತಾರು ಸಾವಿರ ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದಾರೆ ಎಂದರೆ ಅದರ ಹಿಂದಿನ ಪದಸಂಪತ್ತು ಎಷ್ಟೆಂದು ಊಹಿಸಬಹುದು. ಬಿಡಿಸುವವರಿಗೆ ಮಾತ್ರ ಇದರಿಂದ ಲಾಭವೇ. ಸಂಧಿಯ ಒಂದು ಮನೆ ತುಂಬಿದರೆ ವ್ಯಂಜನದ ಜೊತೆಗೆ ಸ್ವರವೂ ಗೊತ್ತಾಗುತ್ತದೆ, ಅರ್ಧ ದಾರಿ ಸವೆಯುತ್ತದೆ.

ಒಂದು ಉದಾಹರಣೆ ನೋಡಿ. 'ಹರಿಹರದ ಬದಿಯಲ್ಲಿ ಹರಿಯುವ ನದಿ (೪)' ಎಂಬ ಸುಳಿವಿಗೆ ಒಬ್ಬರು 'ತುಂಗಭದ್ರಾ' ಎನ್ನುತ್ತಾರೆ, ಇನ್ನೊಬ್ಬರು 'ತುಂಗಭದ್ರೆ' ಎನ್ನುತ್ತಾರೆ. ಎರಡೂ ಬಳಕೆಯಲ್ಲಿವೆ. ಅದರ ಕೊನೆಯ ಮನೆಯಲ್ಲೇ ಮುಗಿಯುವ ಮೇಲಿನಿಂದ ಕೆಳಗಿನ ಪದಕ್ಕೆ 'ರಾತ್ರಿ ಕಣ್ಣಿಗೆ ಹತ್ತುವುದು (೨)' ಎಂದಿದೆ. ಅದು 'ನಿದ್ದೆ'ಯೂ ಆಗಬಹುದು, 'ನಿದ್ರೆ'ಯೂ ಆಗಬಹುದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕಡೆ ಸಂದೇಹ. ಕೂಡಿಸಿ ನೋಡಿದರೆ ಎರಡಕ್ಕೂ ಒಪ್ಪುವ ಅಕ್ಷರ ಒಂದೇ: 'ದ್ರೆ'. ನದಿ ತುಂಗಭದ್ರೆ, ಇರುಳಿನದು ನಿದ್ರೆ. ಒಳ್ಳೆಯ ಪದಬಂಧದಲ್ಲಿ ಸಂದೇಹದ ತೀರ್ಪು ಹೀಗೆ ಚೌಕಟ್ಟಿನೊಳಗೇ ಇರುತ್ತದೆ. ಬಳಗದಲ್ಲಿ ವಾದ ಎದ್ದಾಗ ಮೊದಲು ಸಂಧಿಯ ಮನೆಯನ್ನು ನೋಡಬೇಕು.

ಸುಳಿವಿನ ಬಗೆ ಗುರುತಿಸಿ

ಹೊಸಬರು ಎಲ್ಲ ಸುಳಿವನ್ನೂ ಅರ್ಥ ಕೇಳುವ ಪ್ರಶ್ನೆಯೆಂದೇ ಓದುತ್ತಾರೆ. ಸುಳಿವುಗಳಲ್ಲಿ ಹಲವು ಬಗೆಗಳಿವೆ.

ಸಮಾನಾರ್ಥದ ಸುಳಿವು ನೇರವಾದದ್ದು. 'ಬಂಗಾರ, ಹೇಗೆ ಓದಿದರೂ ಅದೇ (೩)' ಎಂದರೆ 'ಕನಕ'.

ಕೂಡಿಸುವ ಸುಳಿವಿನಲ್ಲಿ ಎರಡು ಪದ ಸೇರಿ ಮೂರನೆಯದಾಗುತ್ತದೆ. 'ವಿಷ್ಣುವಿನ ಹಿಂದೆಯೇ ಶಿವ ಬಂದು ನಿಂತ ಊರು (೪)': ಹರಿ, ಹರ, ಹರಿಹರ.

ಅಡಗಿಸುವ ಸುಳಿವಿನಲ್ಲಿ ಉತ್ತರ ಕಣ್ಣೆದುರೇ ಇರುತ್ತದೆ. 'ದಾವಣಗೆರೆಯ ಕೊನೆಯಲ್ಲಿ ಎಳೆದದ್ದು (೨)': ಗೆರೆ.

ತಿರುಗಿಸುವ ಸುಳಿವಿನಲ್ಲಿ 'ಹಿಂದಕ್ಕೆ', 'ಮರಳಿ', 'ತಲೆಕೆಳಗು' ಎಂಬ ಪದಗಳು ಬರುತ್ತವೆ. 'ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ಗಂಟೆ (೨)': ನದಿಯನ್ನು ತಿರುಗಿಸಿದರೆ ದಿನ. 'ಚೆಲ್ಲಾಪಿಲ್ಲಿ', 'ಅದಲುಬದಲು' ಎಂದಿದ್ದರೆ ಅಕ್ಷರಗಳನ್ನು ಕಲಸಿ ಜೋಡಿಸಬೇಕು.

ಇನ್ನು ಊರಿನ ಬಳಕೆಯ ಸುಳಿವುಗಳು. 'ಮಿರ್ಚಿಯ ಜೊತೆಗಾರ (೩)' ಎಂದರೆ ದಾವಣಗೆರೆಯವರು ಯೋಚಿಸದೆ 'ಮಂಡಕ್ಕಿ' ಬರೆಯುತ್ತಾರೆ. ಅದನ್ನೇ 'ಪುರಿ' ಎನ್ನುವ ಬೆಂಗಳೂರು, ಮೈಸೂರಿನವರಿಗೆ ಒಂದು ಮನೆ ಉಳಿಯುತ್ತದೆ. 'ಚುರುಮುರಿ' ಎನ್ನುವವರಿಗೆ ಒಂದು ಮನೆ ಸಾಲುವುದಿಲ್ಲ. ನಾಲ್ಕು ಸೀಮೆಯವರು ಇರುವ ಬಳಗ ಇಂಥಲ್ಲಿ ಗೆಲ್ಲುತ್ತದೆ.

ಬಳಗದಲ್ಲಿ ಯಾರಿರಬೇಕು

ಎಂಟರಿಂದ ಹನ್ನೆರಡು ಮಂದಿ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತು ಹೆಚ್ಚುತ್ತದೆ, ಮನೆ ತುಂಬುವುದಿಲ್ಲ. ಒಂದೇ ವಯಸ್ಸಿನ, ಒಂದೇ ಕೆಲಸದ ಹನ್ನೆರಡು ಜನರಿಗಿಂತ ಬೇರೆಬೇರೆ ಬದುಕಿನ ಆರು ಜನ ಮೇಲು. ನಮ್ಮ ಸೀಮೆಯಲ್ಲಿ ಇದಕ್ಕೇನೂ ಬರವಿಲ್ಲ. ಹರಿಹರದಲ್ಲಿ ೧೯೪೧ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಗಿದ್ದರೂ ಅಲ್ಲಿ ಲೇತ್ ತಯಾರಿಸಿದ ಕೈಗಳು ಇನ್ನೂ ಊರಲ್ಲಿವೆ. ಯಂತ್ರದ, ಅಳತೆಯ ಪದ ಅವರನ್ನು ಕೇಳಬೇಕು. ಭತ್ತದ ಗದ್ದೆ, ನಾಲೆಯ ನೀರಿನ ಪದಗಳಿಗೆ ರೈತರು. ಶಾಸನ, ದೇವಾಲಯದ ಸುಳಿವಿಗೆ, ಹೊಯ್ಸಳ ದಂಡನಾಯಕ ಪೋಲಾಳ್ವ ಹರಿಹರೇಶ್ವರ ಗುಡಿ ಕಟ್ಟಿಸಿದ್ದನ್ನು ಮಕ್ಕಳಿಗೆ ಪಾಠ ಮಾಡಿದ ನಿವೃತ್ತ ಮೇಷ್ಟ್ರು. ಗಾದೆ, ಅಡುಗೆ, ಹಬ್ಬದ ಪದಗಳಿಗೆ ಮನೆಯ ಹಿರಿಯ ಹೆಂಗಸರು. ಹೊಸ ಸಿನಿಮಾ, ಕ್ರೀಡೆ, ತಂತ್ರಜ್ಞಾನಕ್ಕೆ ಕಾಲೇಜಿನ ಮಕ್ಕಳು.

ಟೈಪ್ ಮಾಡಲು ಬಾರದ ಹಿರಿಯರನ್ನು ಬಿಡಬೇಡಿ. ಅವರು ಧ್ವನಿಸಂದೇಶ ಕಳಿಸಲಿ, ಮೊಮ್ಮಕ್ಕಳು ಬರೆದು ಹಾಕಲಿ. ಅಜ್ಜಿಯ ಬಾಯಿಂದ ಬಂದ ಪದಕ್ಕೆ ಹುಡುಗರು 'ಇದು ಯಾವ ಪದ ಅಜ್ಜಿ?' ಎಂದು ಕೇಳಿ ಕಲಿಯುತ್ತಾರೆ. ಬಳಗದ ನಿಜವಾದ ಸಂಪಾದನೆ ಅದೇ.

ವಾರದ ಕ್ರಮ

ಮೊದಲ ಎರಡು ದಿನ ಮೌನ. ಪ್ರತಿಯೊಬ್ಬರೂ ತಮ್ಮ ಪತ್ರಿಕೆಯಲ್ಲಿ ತಾವೇ ಪೆನ್ಸಿಲಿನಿಂದ ತುಂಬಬೇಕು. ಬಳಗದಲ್ಲಿ 'ಹನ್ನೆರಡು ಆಯ್ತು', 'ಎಂಟು ಉಳೀತು' ಎಂದಷ್ಟೇ ಬರೆಯಬಹುದು, ಉತ್ತರ ಬರೆಯಬಾರದು. ಯೋಚಿಸಲು ಸಮಯ ಸಿಗದವರು ಬಳಗದಲ್ಲಿ ಬೇಗ ಬೇಸರಪಡುತ್ತಾರೆ.

ಮೂರನೆಯ ದಿನ ಹಿಂಟ್ ಕೊಡುವ ದಿನ. ಇದನ್ನು ಮೂರು ಹಂತದಲ್ಲಿ ಕೊಡಿ. ಮೊದಲು ಸುಳಿವಿನ ಬಗೆ ಮಾತ್ರ: 'ಇದು ತಿರುಗಿಸೋದು.' ಸಿಗದಿದ್ದರೆ ಕ್ಷೇತ್ರ: 'ನೀರಿಗೆ ಸಂಬಂಧಪಟ್ಟದ್ದು.' ಆಮೇಲೂ ಸಿಗದಿದ್ದರೆ ಒಂದು ಅಕ್ಷರ. ಸಂಭಾಷಣೆ ಹೀಗಿರುತ್ತದೆ:

'ಅಕ್ಕಾರ, ಏಳನೇದು ಸಿಕ್ತೇನ್ರೀ?'

'ಸಿಕ್ತು ತಮ್ಮಾ. ಹೇಳ್ಲೋ, ಹಿಂಟ್ ಕೊಡ್ಲೋ?'

'ಹೇಳಬ್ಯಾಡ್ರಿ, ಹಿಂಟ್ ಸಾಕು.'

ಸಿಕ್ಕ ಉತ್ತರವನ್ನು ಬಾಯಿಬಿಡದೆ ಇನ್ನೊಬ್ಬರು ತಾವೇ ಹುಡುಕಿಕೊಳ್ಳುವಂತೆ ಮಾಡುವುದರಲ್ಲಿ ಸ್ನೇಹ ಬೆಳೆಯುತ್ತದೆ. ಉತ್ತರ ಹೇಳಿಬಿಟ್ಟರೆ ಒಬ್ಬರ ಜಾಣತನ ತೋರುತ್ತದೆ. ಹಿಂಟ್ ಕೊಟ್ಟರೆ ಇಬ್ಬರಿಗೂ ಖುಷಿ.

ನಾಲ್ಕನೆಯ ದಿನ ಸಂಜೆ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಕೂತು ಉಳಿದದ್ದನ್ನು ತುಂಬಬೇಕು. ಗ್ರೂಪ್ ಕಾಲ್ ಇದ್ದರೆ ಒಳ್ಳೆಯದು. ವಿದೇಶದಲ್ಲಿರುವವರು ಇದ್ದರೆ ಅವರ ಹೊತ್ತು ಕೇಳಿ ಸಮಯ ಗೊತ್ತುಮಾಡಿ. ಮುಂದಿನ ವಾರ ಪತ್ರಿಕೆಯಲ್ಲಿ ಸರಿಯುತ್ತರ ಬಂದಾಗ ಹತ್ತು ನಿಮಿಷ ತಪ್ಪಿದ ಪದಗಳನ್ನು ನೋಡಿ. ತಪ್ಪು ಯಾರದು ಎಂದು ಕೇಳಬೇಡಿ, ಪದದ ಅರ್ಥವೇನು ಎಂದು ಕೇಳಿ.

ಒಂದೇ ಹಾಳೆಯಲ್ಲಿ ಎಲ್ಲರೂ

ಜೊತೆಯಾಗಿ ತುಂಬಲು ಗೂಗಲ್ ಶೀಟ್ ಅನುಕೂಲ. ಅಗಲ, ಎತ್ತರ ಸಮವಾಗಿರುವ ಮನೆಗಳನ್ನು ಮಾಡಿ, ಕಪ್ಪು ಮನೆಗಳಿಗೆ ಬಣ್ಣ ತುಂಬಿ, ಬಳಗದವರಿಗೆ ಮಾತ್ರ ತಿದ್ದುವ ಅನುಮತಿ ಕೊಡಿ. ಖಚಿತವಾದ ಉತ್ತರ ಬಿಳಿ ಮನೆಯಲ್ಲಿ ಇರಲಿ, ಸಂದೇಹದ್ದಕ್ಕೆ ಹಳದಿ ಹಚ್ಚಿ. ಯಾರಾದರೂ ಕೈತಪ್ಪಿ ಅಳಿಸಿದರೆ ಹಳೆಯ ಆವೃತ್ತಿಗೆ ಹಿಂದಿರುಗುವ ಸೌಲಭ್ಯ ಅದರಲ್ಲಿದೆ.

ಸಿದ್ಧ ಆ್ಯಪ್‌ಗಳಲ್ಲಿ ಕನ್ನಡ ತುಂಬುವಾಗ ಒಂದು ತೊಡಕು ಬರುತ್ತದೆ. ನಮಗೆ 'ತ್ತೂ' ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ತ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ತ, ದೀರ್ಘ ಊಕಾರದ ಚಿಹ್ನೆ ಎಂದು ನಾಲ್ಕು ಸಂಕೇತ. 'ಗುತ್ತೂರು' ಎಂಬ ಮೂರಕ್ಷರದ ಹೆಸರು ಕಂಪ್ಯೂಟರಿಗೆ ಎಂಟು ಸಂಕೇತಗಳ ಸಾಲು. ಇಂಗ್ಲಿಷಿಗಾಗಿ ಮಾಡಿದ ಆ್ಯಪ್ ಒಂದು ಸಂಕೇತಕ್ಕೆ ಒಂದು ಮನೆ ಕೊಟ್ಟು ಪದವನ್ನು ಚೂರುಮಾಡಬಹುದು. ಶೀಟ್‌ನಲ್ಲಿ ನಾವೇ ಒಂದು ಮನೆಗೆ ಒಂದು ಅಕ್ಷರ ಬರೆಯುವುದರಿಂದ ಈ ತೊಡಕಿಲ್ಲ.

ಪತ್ರಿಕೆಯ ಪುಟದ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ಪದಬಂಧ ರಚಿಸಿದವರ ದುಡಿಮೆ ಅದು. ಪ್ರತಿ ಮನೆಗೂ ಒಂದು ಪ್ರತಿ ಬರಲಿ, ಗ್ರೂಪಿನಲ್ಲಿ ಸುಳಿವಿನ ಸಂಖ್ಯೆ ಹೇಳಿದರೆ ಸಾಕು.

ನಿಘಂಟನ್ನು ಯಾವಾಗ ತೆರೆಯಬೇಕು

ಹುಡುಕಾಟ ಮುಗಿದ ಮೇಲೆ, ಸಂದೇಹ ಉಳಿದಾಗ. ಕಿಟೆಲ್ ನಿಘಂಟು ಅಚ್ಚಾದದ್ದು ೧೮೯೪ರಲ್ಲಿ. ಹಳೆಯ ಪದಗಳಿಗೆ ಇವತ್ತಿಗೂ ಅದು ಆಧಾರ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದದ ಬಳಕೆಯನ್ನು ಪ್ರಯೋಗಗಳ ಸಮೇತ ತೋರಿಸುತ್ತದೆ. ಫೋನಿನಲ್ಲೇ ನೋಡಲು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ೨೦೧೯ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಎರಡು ರೂಪಗಳೂ ನಿಘಂಟಿನಲ್ಲಿದ್ದರೆ ಸಂಧಿಯ ಮನೆಯ ಮಾತೇ ಕೊನೆಯದು.

ಬಹುಮಾನ, ನಿಯಮ, ಎಚ್ಚರಿಕೆ

ಬಳಗವಾಗಿ ಬಿಡಿಸುವ ಮುನ್ನ ಸ್ಪರ್ಧೆಯ ನಿಯಮ ಓದಿ. ಒಬ್ಬರಿಗೆ ಒಂದೇ ಪ್ರವೇಶ ಎಂದಿದ್ದರೆ ಒಂದೇ ಕಳಿಸಿ, ಸ್ವಂತ ಹೆಸರಿನಲ್ಲೇ ಕಳಿಸಿ. ಕೆಲವು ಸ್ಪರ್ಧೆ ಒಬ್ಬೊಬ್ಬರ ಸಾಮರ್ಥ್ಯ ಅಳೆಯುವಂಥವು. ೨೦೧೩ರಲ್ಲಿ ಆರಂಭವಾದ ಇಂಡಿಯನ್ ಕ್ರಾಸ್‌ವರ್ಡ್ ಲೀಗ್ ಇಂಗ್ಲಿಷ್ ಪದಬಂಧದ ಆನ್‌ಲೈನ್ ಸುತ್ತುಗಳನ್ನು ನಡೆಸಿ, ಹೆಚ್ಚು ಅಂಕ ಪಡೆದವರನ್ನು ಮುಂದಕ್ಕೆ ಆರಿಸುತ್ತದೆ. ಅಂಥ ಕಡೆ ಸುತ್ತು ಮುಗಿಯುವವರೆಗೆ ಬಳಗದಲ್ಲಿ ಒಂದು ಅಕ್ಷರವೂ ಆಡಬಾರದು. ಚರ್ಚೆಯೆಲ್ಲ ಆಮೇಲೆ.

ಹಣ ಕಟ್ಟಿಸಿಕೊಳ್ಳುವ ಪದಬಂಧದಿಂದ ದೂರವಿರಿ. ನಮ್ಮ ರಾಜ್ಯಕ್ಕೆ ಇದರ ಹಳೆಯ ಅನುಭವವಿದೆ. ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆಯ ಮೂಲಕ ಆರ್‌ಎಂಡಿಸಿ ಎಂಬ ಕಂಪನಿಯ ಪದಬಂಧ ಸ್ಪರ್ಧೆ ನಡೆಯುತ್ತಿತ್ತು. ಬೊಂಬಾಯಿ ಪ್ರಾಂತ್ಯದಲ್ಲೂ ಜನ ಶುಲ್ಕ ತೆತ್ತು ಅದರಲ್ಲಿ ಭಾಗವಹಿಸುತ್ತಿದ್ದರು. ಅಲ್ಲಿನ ಸರ್ಕಾರ ೧೯೫೨ರಲ್ಲಿ ಕಾನೂನು ತಿದ್ದಿ, ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಯನ್ನೂ ನಿಯಂತ್ರಣಕ್ಕೆ ತಂದಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ೧೯೫೭ರಲ್ಲಿ ಕೋರ್ಟ್ ಆ ಸ್ಪರ್ಧೆ ಜೂಜಿನ ಸ್ವರೂಪದ್ದು ಎಂದು ತೀರ್ಮಾನಿಸಿತು. ಸಮನಾಗಿ ಹೊಂದುವ ಉತ್ತರಗಳಲ್ಲಿ ಸಂಘಟಕರು ಮೊದಲೇ ಮುಚ್ಚಿಟ್ಟದ್ದು ಯಾವುದೆಂದು ಊಹಿಸುವುದೇ ಅಲ್ಲಿ ಗೆಲುವಿನ ದಾರಿಯಾಗಿತ್ತು. ಅಷ್ಟರಲ್ಲಿ ಕೇಂದ್ರವೂ ೧೯೫೫ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆ ತಂದು, ತಿಂಗಳಿಗೆ ಒಂದು ಸಾವಿರ ರೂಪಾಯಿ ಮೀರಿದ ಬಹುಮಾನವನ್ನು ತಡೆದಿತ್ತು. ನಿಜವಾದ ಜಾಣ್ಮೆ ಬೇಡುವ ಸ್ಪರ್ಧೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದೂ ಕೋರ್ಟ್ ಸ್ಪಷ್ಟಪಡಿಸಿತು.

ಇವತ್ತಿಗೂ ಪರೀಕ್ಷೆ ಅದೇ. ಸಂದೇಹದ ಮನೆಗೆ ಚೌಕಟ್ಟು ತೀರ್ಪು ಕೊಡುತ್ತಿದ್ದರೆ ಅದು ಪದಬಂಧ. ಅದೃಷ್ಟವೇ ತೀರ್ಪು ಕೊಡಬೇಕಾದರೆ ಜೂಜು. 'ಐವತ್ತು ರೂಪಾಯಿ ಕಳಿಸಿ, ಲಕ್ಷ ಗೆಲ್ಲಿ' ಎಂಬ ಲಿಂಕ್ ಬಂದರೆ ತೆರೆಯಬೇಡಿ, ಒಟಿಪಿ ಕೇಳಿದರೆ ಕೊಡಬೇಡಿ, ಬಳಗದ ಹಿರಿಯರಿಗೂ ಇದನ್ನು ತಿಳಿಸಿ ಹೇಳಿ.

ಬಳಗದಲ್ಲಿ ಯಾರಿಗಾದರೂ ಬಹುಮಾನ ಬಂದರೆ ಏನು ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಪತ್ರಿಕೆಗಳ ಚಂದಾಕ್ಕೆ ಹಾಕಿದರೆ ಎಲ್ಲರಿಗೂ ಸಲ್ಲುತ್ತದೆ, ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಕನ್ನಡದ ಪದಗಳು ಒಬ್ಬರ ತಲೆಯಲ್ಲಿ ಪೂರ್ತಿ ಇಲ್ಲ. ಗದ್ದೆಯಲ್ಲಿ ಕೆಲವು, ಕಾರ್ಖಾನೆಯಲ್ಲಿ ಕೆಲವು, ಅಡುಗೆಮನೆಯಲ್ಲಿ ಕೆಲವು ಉಳಿದಿವೆ. ಅವೆಲ್ಲ ವಾರಕ್ಕೊಮ್ಮೆ ಒಂದೆಡೆ ಸೇರಲು ಪದಬಂಧಕ್ಕಿಂತ ಸುಲಭದ ನೆಪ ಬೇರೆ ಇಲ್ಲ. ಈ ವಾರದ ಪತ್ರಿಕೆ ಕೈಗೆ ಬಂದಾಗ ನಿಮಗೆ ಸಿಗದ ಒಂದು ಸುಳಿವನ್ನು ಆರಿಸಿ, ಬಹಳ ದಿನದಿಂದ ಮಾತಾಡದ ಒಬ್ಬರಿಗೆ ಫೋನ್ ಮಾಡಿ ಕೇಳಿ. ಬಳಗ ಅಲ್ಲಿಂದಲೇ ಶುರುವಾಗುತ್ತದೆ.