ಮಕ್ಕಳ ಬಾಯಿಗೆ ಕನ್ನಡವಿತ್ತ ಕವಿಶಿಷ್ಯ

ಕೈಮುಗಿದು, ಹಾಲು ಕೊಡುವೆನೆಂದು ಆಸೆ ತೋರಿಸಿ ನಾಗರಹಾವನ್ನು ಕರೆಯುತ್ತದೆ ಒಂದು ಮಗು. ಸ್ವಲ್ಪ ಹೊತ್ತಿನಲ್ಲಿಯೇ ಅಂಜಿ, ಬಂದ ದಾರಿಯಲ್ಲಿಯೇ ಹೋಗೆಂದು ಅದನ್ನು ಸಾಗಹಾಕುತ್ತದೆ. ‘ನಾಗರಹಾವೆ’ ಎಂಬ ಆ ಪದ್ಯವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಕನ್ನಡಿಗರು ಅಸಂಖ್ಯರು. ಅದನ್ನು ಬರೆದ ಪಂಜೆ ಮಂಗೇಶರಾಯರು ನೇತ್ರಾವತಿಯ ದಡದ ಬಂಟವಾಳದಲ್ಲಿ ಹುಟ್ಟಿದವರೆಂಬುದನ್ನು ಬಲ್ಲವರು ಮಾತ್ರ ಅಷ್ಟು ಮಂದಿಯಿಲ್ಲ.

ಆ ಸೀಮೆಯಲ್ಲಿ ಎತ್ತ ನಡೆದರೂ ನಾಗಬನಗಳು. ಅಲ್ಲಿ ಹಾವು ಪೂಜೆಗೊಳ್ಳುವ ದೇವರೂ ಹೌದು, ಅಂಗಳದಲ್ಲಿ ಸುಳಿಯುವ ಭಯವೂ ಹೌದು. ಮಗುವಿನ ಮನಸ್ಸಿನಲ್ಲಿ ಇವೆರಡೂ ಜಗಳವಿಲ್ಲದೆ ಒಟ್ಟಿಗಿರುವುದನ್ನು ರಾಯರು ಕಂಡರು. ಬೆತ್ತ ಹಿಡಿದು ನೀತಿ ಹೇಳಲು ಹೊರಟ ಕವಿಯ ಕಣ್ಣಿಗೆ ಇದು ಬೀಳುತ್ತಿರಲಿಲ್ಲ.

ರಾಯರು ಜನಿಸಿದ್ದು 1874ರ ಫೆಬ್ರವರಿ 22ರಂದು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು. ಕನ್ನಡ ಶಾಲೆಯ ಮಾತು. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಷ್ಟೋ ಮಕ್ಕಳ ಪಾಲಿಗೆ ಇಂದಿಗೂ ಸ್ಥಿತಿ ಹೀಗೆಯೇ. ತುಳುವೋ ಕೊಂಕಣಿಯೋ ಬ್ಯಾರಿಯೋ ತಾಯಿಯ ಮಡಿಲಲ್ಲಿ ಸಿಕ್ಕರೆ, ಕನ್ನಡ ಸಿಕ್ಕಬೇಕಾದದ್ದು ಪುಸ್ತಕದಲ್ಲಿ. ಆ ಪುಸ್ತಕ ನೀರಸವಾದರೆ ಭಾಷೆಯೇ ನೀರಸವೆಂದು ಮಗು ತೀರ್ಮಾನಿಸಿಬಿಡುತ್ತದೆ, ಅದರದೇನು ತಪ್ಪು?

ಅಧ್ಯಾಪಕರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ದುಡಿದ ರಾಯರಿಗೆ ಇದು ಕೇಳಿ ತಿಳಿದ ಸಂಗತಿಯಲ್ಲ. ‘ಕವಿಶಿಷ್ಯ’ನೆಂಬ ಹೆಸರಿನಲ್ಲಿ ಅವರು ಪದ್ಯ ಬರೆದರು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಆರಂಭಿಸಿ ಮಕ್ಕಳಿಗೆಂದೇ ಪುಸ್ತಕಗಳನ್ನು ಹೊರತಂದರು. ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದವರೂ ಅವರೇ. ಗರಡಿಯಲ್ಲಿ ಕೈಮುಗಿದು ಬಂದ ಹುಡುಗನಿಗೆ ತನ್ನ ನೆಲದ ವೀರರೇ ಕನ್ನಡ ಪುಟದಲ್ಲಿ ಎದುರಾದರು. ಪರಕೀಯವೆನಿಸಬಹುದಾಗಿದ್ದ ಭಾಷೆ ಹೀಗೆ ನೆಂಟನಾಯಿತು.

ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ರಾಯರು ಕೊಡಗಿನವರಿಗೆ ‘ಹುತ್ತರಿ ಹಾಡ’ನ್ನು ಕೊಟ್ಟರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮಕ್ಕಳ ಕವಿಯನ್ನು ಹಿರಿಯರು ಆ ಪೀಠದಲ್ಲಿ ಕೂರಿಸಿದ್ದು ಸಣ್ಣ ಮಾತಲ್ಲ. ಶಿಶುಸಾಹಿತ್ಯವೆಂದರೆ ಸಾಹಿತ್ಯದ ಹಿತ್ತಿಲೆಂಬ ಭಾವನೆ ಇಂದಿಗೂ ಪೂರ್ತಿ ತೊಲಗಿಲ್ಲ. 1937ರಲ್ಲಿ ರಾಯರು ತೀರಿಕೊಂಡರು.

ಅಷ್ಟರಲ್ಲಿ ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಸಿದ್ಧಗೊಳಿಸಿದ್ದರು. ಮುಂದೆ ಮೂಡುಬಿದಿರೆಯ ಕಡೆಯಲ್ಲಿ ಪಳಕಳ ಸೀತಾರಾಮ ಭಟ್ಟರು ಮಕ್ಕಳ ಪದ್ಯಗಳಿಗೆ ತಮ್ಮ ಲೇಖನಿಯನ್ನು ಮೀಸಲಿಟ್ಟರು. ಒಂದೇ ಜಿಲ್ಲೆಗೆ ಇಂತಹ ಭಾಗ್ಯ! ಆದರೆ ಪುಸ್ತಕದಂಗಡಿಯಲ್ಲಿ ಇಂಗ್ಲಿಷಿನ ಬಣ್ಣದ ಹೊತ್ತಗೆಗೆ ಒಡನೆಯೇ ಚಾಚುವ ತಂದೆಯ ಕೈ, ಈ ಹೆಸರುಗಳತ್ತ ಚಾಚಲು ಏಕೋ ಹಿಂಜರಿಯುತ್ತದೆ.

ಜೂನ್ ತಿಂಗಳಲ್ಲಿ, ಮಳೆ ಹಿಡಿದು ಮಕ್ಕಳು ಮನೆಯೊಳಗೆ ಚಡಪಡಿಸುತ್ತಿರುವ ಒಂದು ಸಂಜೆ, ರಾಯರ ‘ತೆಂಕಣ ಗಾಳಿಯಾಟ’ವನ್ನು ಗಟ್ಟಿಯಾಗಿ ಓದಿ ನೋಡಬಹುದು. ಮೊದಲು ದೂರದಲ್ಲೆಲ್ಲೋ ಬುಸುಗುಡುವ ಗಾಳಿ ಅಕ್ಷರಗಳಲ್ಲಿಯೇ ಹತ್ತಿರವಾಗುತ್ತ, ಬಂದು ಅಪ್ಪಳಿಸುತ್ತದೆ. ಮೆಲುದನಿಯಲ್ಲಿ ಓದಿದರೆ ಅದರ ಸೊಗಸು ದಕ್ಕದು. ನೆರೆಮನೆಯವರು ಏನೆಂದುಕೊಂಡಾರೋ ಎಂಬ ಸಂಕೋಚವನ್ನು ಓದುವವರು ಆ ಹೊತ್ತಿಗೆ ಬದಿಗಿಡಬೇಕು. ಎರಡನೆಯ ಸಲ ಓದುವಾಗ ಮಕ್ಕಳೇ ದನಿಗೂಡಿಸುತ್ತಾರೆ.