ಮೋಟಾರ್ ಸೈಕಲಿನ ಹಿಂಬದಿಯಿಂದ ಕಂಡ ವಿಯೆಟ್ನಾಮಿನ ಕಾಫಿ ಸೀಮೆ

ಕಳೆದ ವರ್ಷದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು, "ವಿಯೆಟ್ನಾಮಿನವರು ನೆರಳಿಲ್ಲದೆ ರೊಬಸ್ಟಾ ಬೆಳೆದು ನಮ್ಮ ಎರಡು ಪಾಲು ಇಳುವರಿ ತೆಗೆಯುತ್ತಾರೆ. ನಾವೇಕೆ ಮರ ಕಡಿಸಬಾರದು, ಸೆಕ್ರೆಟರಿಯವರೇ?" ಎಂದು ಕೇಳಿದ್ದು ಬಹಳ ಮಂದಿಗೆ ನೆನಪಿರಬಹುದು. ಅಂದು ಏನೋ ಹೇಳಿ ಕುಳಿತೆ. ನಿಜಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟೇ ಅಲ್ಲ, ನನ್ನ ತೋಟದ ಕೆಳಭಾಗದಲ್ಲಿ ಮರಗಸಿಗೆ ಕೂಲಿ ಕೊಡುವ ಬದಲು ಮರವನ್ನೇ ತೆಗೆಸಿಬಿಡುವ ಯೋಚನೆ ನನಗೂ ಇತ್ತು.

ಈ ಫೆಬ್ರವರಿ ಕೊನೆಯಲ್ಲಿ, ಕೊಯ್ಲು ಮುಗಿದ ಮೇಲೆ, ಮಗಳು ಅಳಿಯನ ಜೊತೆ ವಿಯೆಟ್ನಾಮಿಗೆ ಹೋಗುವ ಯೋಗ ಬಂತು. ದಾಲಾತ್ ಎಂಬುದು ಸುಮಾರು 1,500 ಮೀಟರ್ ಎತ್ತರದ ಊರು. ಫ್ರೆಂಚರು ಬೇಸಿಗೆ ಕಳೆಯಲು ಕಟ್ಟಿದ್ದು, ನಮ್ಮ ಊಟಿಯ ಹಾಗೆ. ಪ್ರವಾಸಿಗಳನ್ನು ಹಿಂದೆ ಕೂರಿಸಿಕೊಂಡು ದಿನವಿಡೀ ಹಳ್ಳಿ ಸುತ್ತಿಸುವ ಮೋಟಾರ್ ಸೈಕಲಿನವರು ಅಲ್ಲಿದ್ದಾರೆ. ಅವರಿಗೆ 'ಈಸಿ ರೈಡರ್' ಎಂದು ಹೆಸರು. ಮಕ್ಕಳು ಪೇಟೆ ಸುತ್ತಲು ಹೋದ ದಿನ ನಾನು ಅಂಥವರೊಬ್ಬರ ಗಾಡಿ ಹತ್ತಿದೆ. ವಾಹನವೆಲ್ಲ ಬಲಬದಿಯಲ್ಲಿ ಓಡುವ ದೇಶದಲ್ಲಿ ನಾನೇ ಓಡಿಸುವ ಧೈರ್ಯ ಬರಲಿಲ್ಲ. ಆದರೂ ಹಳೆಯ ಬುಲೆಟ್ಟಿನ ಅಭ್ಯಾಸ ಬಿಡಬೇಕಲ್ಲ. ತಿರುವು ಬಂದಾಗಲೆಲ್ಲ ಎಡಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಪೈನ್ ಕಾಡು, ಪ್ಲಾಸ್ಟಿಕ್ ಮನೆಗಳೊಳಗೆ ಬೆಳೆಸಿದ ಹೂವು ತರಕಾರಿ ಎಲ್ಲ ದಾಟಿ ತಾ ನುಂಗ್ ಘಾಟಿ ಇಳಿದೆವು. ಒಂದು ತಿರುವಿನಲ್ಲಿ ಗಾಡಿ ನಿಂತಿತು. ಗುಡ್ಡದಾಚೆ ಗುಡ್ಡ, ಕಣ್ಣು ಹಾಯುವಷ್ಟು ದೂರ ಕಾಫಿ. ಮಣ್ಣು ನಮ್ಮದಕ್ಕಿಂತ ಕೆಂಪು. ನೋಡಲು ಬಲು ಚೆಂದ. ಬಿಸಿಲಿಗೆ ನಿಲ್ಲೋಣವೆಂದು ಒಂದು ಮರ ಹುಡುಕಿದೆ, ಸಿಗಲಿಲ್ಲ.

ಒಂದು ಕಡೆ ಪುನುಗು ಬೆಕ್ಕುಗಳನ್ನು ಬೋನಿನಲ್ಲಿಟ್ಟು ಹಣ್ಣು ತಿನ್ನಿಸಿ, ಅದರ ಹಿಕ್ಕೆಯ ಕಾಫಿ ಮಾರುತ್ತಿದ್ದರು. ನಮ್ಮ ತೋಟದ ಬಂಡೆಗಳ ಮೇಲೆ ಅದು ಪುಕ್ಕಟೆ ಬಿದ್ದಿರುತ್ತದೆ. ನಾನು ಕುಡಿಯಲಿಲ್ಲ. ನಾಮ್ ಬಾನಿನ ಆನೆ ಜಲಪಾತ, ಪಕ್ಕದ ಬುದ್ಧ ದೇವಾಲಯ, ರೇಷ್ಮೆ ಕಾರ್ಖಾನೆ ನೋಡಿದ್ದಾಯಿತು. ರಾಮನಗರ ಬಲ್ಲವರಿಗೆ ಕಾರ್ಖಾನೆಯಲ್ಲಿ ಹೊಸತೇನಿಲ್ಲ.

ಮಧ್ಯಾಹ್ನ ಸಾರಥಿಯವರು ತಮ್ಮ ಪರಿಚಯದ ಬೆಳೆಗಾರರ ಮನೆಗೆ ಕರೆದೊಯ್ದರು. ದುಭಾಷಿಯೂ ಅವರೇ. ಒಂದೂವರೆ ಹೆಕ್ಟೇರ್, ಎಂದರೆ ಮೂರೂಮುಕ್ಕಾಲು ಎಕರೆಗೆ ಸ್ವಲ್ಪ ಕಮ್ಮಿ ತೋಟ. ಯಜಮಾನರು ದಪ್ಪ ಪೈಪು ಎಳೆದುಕೊಂಡು ಗಿಡದಿಂದ ಗಿಡಕ್ಕೆ ನಡೆಯುತ್ತಿದ್ದರು. ಪ್ರತಿ ಬುಡಕ್ಕೂ ಪಾತಿ. ಅದು ತುಂಬಿದ ಮೇಲೆ ಮುಂದಿನ ಗಿಡ. ಒಂದು ಗಿಡಕ್ಕೆ ಎಷ್ಟು ನೀರು ಎಂದು ಕೇಳಿದೆ. ಉತ್ತರ ತಪ್ಪಾಗಿ ಕೇಳಿಸಿತೆಂದುಕೊಂಡು ಬರೆದು ತೋರಿಸಲು ಹೇಳಿದೆ. ಮಣ್ಣಿನ ಮೇಲೆ ಕಡ್ಡಿಯಿಂದ 400 ಎಂದು ಬರೆದರು. ಲೀಟರ್! ಹೆಕ್ಟೇರಿಗೆ 1,100 ಗಿಡದಂತೆ ಒಂದು ಸುತ್ತಿಗೆ ಆರೂವರೆ ಲಕ್ಷ ಲೀಟರ್. ಮಳೆ ಹಿಡಿಯುವವರೆಗೆ ಅಂಥ ಮೂರು ಸುತ್ತು. ಅಷ್ಟೇ ಜಾಗಕ್ಕೆ ಸ್ಪ್ರಿಂಕ್ಲರಿನಲ್ಲಿ ಒಂದಿಂಚು ಹೂನೀರು ಕೊಟ್ಟರೆ ನಮಗೆ ನಾಲ್ಕು ಲಕ್ಷ ಲೀಟರ್ ಸಾಕು.

ಒಳ್ಳೆಯ ವರ್ಷದಲ್ಲಿ ನಾಲ್ಕೂವರೆ ಟನ್ ಬೀಜ ಬರುತ್ತದಂತೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ 2024ರ ಬರದಲ್ಲಿ ಅವರ ಬಾವಿ ಬತ್ತಿತು. ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ ವರ್ಷವೇ ಅವರ ಕಣದಲ್ಲಿ ಕಾಫಿ ಅರ್ಧವೂ ಇರಲಿಲ್ಲ. ಕಾಫಿ ಸಾಲುಗಳ ನಡುವೆ ಎಳೆಯ ಡೂರಿಯನ್, ಬೆಣ್ಣೆಹಣ್ಣಿನ ಗಿಡಗಳಿದ್ದವು. ಇವೇಕೆ ಎಂದೆ. "ಹಣ್ಣಿಗೂ ಆಯಿತು, ನೆರಳಿಗೂ ಆಯಿತು. ಮೊದಲು ಕಾಡು ಕಡಿದವರೂ ನಾವೇ" ಎಂದರು.

1990ರಲ್ಲಿ ಲಕ್ಷ ಟನ್ ಮುಟ್ಟದಿದ್ದ ಆ ದೇಶದ ಕಾಫಿ 2000ದಲ್ಲಿ ಎಂಟು ಲಕ್ಷ ಟನ್ ಆಗಿತ್ತು. ಮರುವರ್ಷ ಬೆಲೆ ಕುಸಿದು ನಮ್ಮಲ್ಲಿ ಎಷ್ಟು ಮನೆಗಳು ಸಾಲಕ್ಕೆ ಬಿದ್ದವೆಂಬುದಕ್ಕೆ ಸಂಘದ ಲೆಡ್ಜರುಗಳೇ ಸಾಕ್ಷಿ. ಆ ಸಿಟ್ಟು ನನ್ನಲ್ಲಿ ಉಳಿದಿತ್ತು. "2001ರಲ್ಲಿ ನಮ್ಮನ್ನು ಮುಳುಗಿಸಿದವರು ನೀವು" ಎಂದು ನಗುತ್ತಲೇ ಹೇಳಿದೆ. ಮನೆಯಾಕೆ ನಗಲಿಲ್ಲ. ಆ ವರ್ಷ ಗೊಬ್ಬರಕ್ಕೂ ಗತಿಯಿಲ್ಲದೆ ಪಕ್ಕದವರು ಗಿಡ ಕಿತ್ತು ಜೋಳ ಹಾಕಿದ್ದನ್ನು ತೋಟದ ಕಡೆ ಕೈ ತೋರಿಸಿ ಹೇಳಿದರು.

ಅವರ ಅತ್ತೆ 1976ರ ನಂತರ ಹನೋಯಿ ಕಡೆಯಿಂದ ಬಂದು ನೆಲೆಸಿದವರು. ಅಂಗಳದಲ್ಲಿ ಎರಡು ಅಡಿಕೆ ಮರ. ಹಸಿ ಅಡಿಕೆ ಸೀಳಿ, ವೀಳ್ಯದೆಲೆಗೆ ಸುಣ್ಣ ಹಚ್ಚಿ ಆ ಅಜ್ಜಿ ನನ್ನ ಮುಂದೆ ಹಿಡಿದರು. ಹೊಗೆಸೊಪ್ಪಿಲ್ಲ. ಅಲ್ಲಿಯೂ ಮದುವೆಗೆ ಅಡಿಕೆ ಗೊನೆ ಬೇಕೇ ಬೇಕಂತೆ. ನಾನು ಎಲೆಯ ತೊಟ್ಟು ಮುರಿದು ಬಾಯಿಗಿಟ್ಟದ್ದನ್ನು ಕಂಡು ಆಕೆ ಸೊಸೆಗೆ ಏನೋ ಹೇಳಿ ನಕ್ಕರು. ಸಾರಥಿಯವರು ಅದನ್ನು ಮಾತ್ರ ಭಾಷಾಂತರಿಸಲಿಲ್ಲ.

ಕತ್ತಲಾಗುವ ಮೊದಲು ದಾಲಾತ್ ಸೇರಿದೆವು. ಸೊಂಟ ಮಾತ್ರ ಎರಡು ದಿನ ಹೇಳಿದ ಮಾತು ಕೇಳಲಿಲ್ಲ. ನನ್ನ ಕೆಳಭಾಗದ ಮರಗಳು ಈ ಸಲ ನಿಂತಿವೆ; ಮೇ ತಿಂಗಳಲ್ಲಿ ಮರಗಸಿ ಮಾತ್ರ ಮಾಡಿಸಿದೆ. ಪ್ರಶ್ನೆ ಕೇಳಿದ ಸದಸ್ಯರು ಒಮ್ಮೆ ಕಚೇರಿಗೆ ಬಂದರೆ ಫೋಟೊಗಳನ್ನು ತೋರಿಸುತ್ತೇನೆ.